ಪ್ರಶ್ನೆ ಕೇಳಿದವರ ಋಣ

ಹಿರಿಯೂರಿನ ಸಮೀಪ ವೇದಾವತಿ ನದಿಯು ಗುಡ್ಡಗಳ ನಡುವೆ ಹಾದುಹೋಗುವ ಎಡೆಗೆ ಮಾರಿಕಣಿವೆಯೆಂದು ಹೆಸರು. 1898ರಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡ ಅಲ್ಲಿಯ ಅಣೆಕಟ್ಟಿಗೆ ವಾಣಿವಿಲಾಸ ಸಾಗರವೆಂಬ ಅರಮನೆಯ ಹೆಸರು ಬಂದಿತಾದರೂ ಜನರ ನಾಲಗೆಯ ಮೇಲೆ ಉಳಿದದ್ದು ಕಣಿವೆ ಮಾರಮ್ಮನ ಹೆಸರೇ. ಮಾರಿಯು ಸಾಂಕ್ರಾಮಿಕ ರೋಗಗಳ ಅಧಿದೇವತೆಯೆಂಬುದು ಹಳ್ಳಿಗಾಡಿನ ನಂಬಿಕೆ. ಸಿಡುಬು, ಕಾಲರಾ, ಪ್ಲೇಗುಗಳ ಕಾಲದಲ್ಲಿ ಸಾವು ಊರಿಗೆಲ್ಲ ಒಮ್ಮೆಗೇ ಬರುತ್ತಿತ್ತು. ಆದುದರಿಂದ ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಎಲ್ಲರ ಚಿಂತೆಯೂ ಆಗುತ್ತಿತ್ತು. ಇಂದಿನ ವ್ಯಾಧಿಗಳ ನಡೆ ಬೇರೆ. ಕ್ಯಾನ್ಸರ್ ಒಂದು ಮನೆಯೊಳಗೆ ಒಬ್ಬರನ್ನು ಹಿಡಿದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ನೆರೆಮನೆಗೆ ತಿಳಿಯುವಷ್ಟರಲ್ಲಿ ರೋಗಿ ಬೆಂಗಳೂರಿನ ಆಸ್ಪತ್ರೆಯಲ್ಲಿರುತ್ತಾನೆ, ಇಲ್ಲವೆ ಈ ಲೋಕದಲ್ಲಿಯೇ ಇರುವುದಿಲ್ಲ. ಇಂತಹ ರೋಗವನ್ನು ಊರು ಕಾಣಬೇಕಾದರೆ ಯಾರಾದರೂ ಮನೆಮನೆಗೆ ಹೋಗಿ ಕೇಳಬೇಕು, ಬರೆದಿಡಬೇಕು, ಲೆಕ್ಕ ಹಾಕಬೇಕು. ಆರೋಗ್ಯ ಸಂಶೋಧನೆಯೆಂಬ ದೊಡ್ಡ ಮಾತಿನ ಮೂಲಸ್ವರೂಪ ಇಷ್ಟೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು 1981ರಲ್ಲಿ ಕೈಗೊಂಡಿತು. ಅದರ ಅಂಗವಾಗಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ಆ ನಗರದ ಜನಸಂಖ್ಯೆಯನ್ನು ಆಧರಿಸಿದ ನೋಂದಣಿ ನಡೆಯುತ್ತ ಬಂದಿದೆ. ನೋಂದಣಿಯಲ್ಲಿ ಎರಡು ಬಗೆಗಳುಂಟು. ಒಂದು, ಆಸ್ಪತ್ರೆಗೆ ಬಂದ ರೋಗಿಗಳನ್ನು ಎಣಿಸುವುದು. ಇನ್ನೊಂದು, ಒಂದು ಪ್ರದೇಶದಲ್ಲಿ ನೆಲೆಸಿದ ಇಷ್ಟು ಲಕ್ಷ ಜನರಲ್ಲಿ ವರ್ಷಕ್ಕೆ ಎಷ್ಟು ಮಂದಿಗೆ ರೋಗ ಬಂದಿತೆಂದು ಎಣಿಸುವುದು. ಮೊದಲನೆಯದರಿಂದ ಆಸ್ಪತ್ರೆಯ ಕೆಲಸ ತಿಳಿಯುತ್ತದೆ. ಎರಡನೆಯದರಿಂದ ಸಮುದಾಯದ ಸ್ಥಿತಿ ತಿಳಿಯುತ್ತದೆ. ಹೊಳಲ್ಕೆರೆಯ ಒಬ್ಬ ಕೂಲಿಯಾಳು ಬಾಯಿಯ ಹುಣ್ಣಿನೊಡನೆ ಬೆಂಗಳೂರಿನ ದೊಡ್ಡಾಸ್ಪತ್ರೆಯನ್ನು ಮುಟ್ಟಿದರೆ ಮೊದಲನೆಯ ಪುಸ್ತಕದಲ್ಲಿ ಒಂದು ಸಾಲಾಗುತ್ತಾನೆ. ಮುಟ್ಟದಿದ್ದರೆ ಎಲ್ಲಿಯೂ ಸಾಲಾಗುವುದಿಲ್ಲ. ಅವನ ಹಟ್ಟಿಯಲ್ಲಿ ಅದೇ ಹುಣ್ಣು ಇನ್ನೆಷ್ಟು ಜನರಿಗಿದೆಯೆಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ.

ಸಣ್ಣ ಸಮುದಾಯಗಳಿಗೆ ಇದರಿಂದಾಗುವ ಹಾನಿ ದೊಡ್ಡದು. ಜಿಲ್ಲೆಯ ಸರಾಸರಿ, ರಾಜ್ಯದ ಸರಾಸರಿ ಎಂಬ ಅಂಕಿಗಳಲ್ಲಿ ಅವುಗಳ ನೋವು ಕರಗಿಹೋಗುತ್ತದೆ. ಎಣಿಸಿದಾಗ ಏನಾಗಬಹುದೆಂಬುದಕ್ಕೆ ಮುಂಬಯಿಯ ಪಾರಸಿಗಳ ನಿದರ್ಶನ ಪ್ರಸಿದ್ಧವಾಗಿದೆ. ಡಾ. ಡಿ. ಜೆ. ಜಸ್ಸಾವಾಲಾ ಅವರ ನೇತೃತ್ವದಲ್ಲಿ 1963ರಲ್ಲಿ ಆರಂಭವಾದ ಮುಂಬಯಿಯ ಕ್ಯಾನ್ಸರ್ ನೋಂದಣಿಯು ಪ್ರತಿಯೊಬ್ಬ ರೋಗಿಯ ಧರ್ಮ, ಸಮುದಾಯಗಳನ್ನೂ ಬರೆದುಕೊಂಡಿತು. ಪಾರಸಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಪ್ರಮಾಣ ನಗರದ ಇತರ ಮಹಿಳೆಯರಿಗಿಂತ ಹೆಚ್ಚೆಂಬುದು ಅದರಿಂದಲೇ ಗೊತ್ತಾಯಿತು. ಊರಿನ ಒಟ್ಟು ಲೆಕ್ಕದಲ್ಲಿ ಆ ಸತ್ಯ ಎಂದೂ ಕಾಣುತ್ತಿರಲಿಲ್ಲ.

ಅಮೆರಿಕೆಯಲ್ಲಿ ಈ ವಿಚಾರವು ಸರ್ಕಾರದ ನೀತಿಯಾಗಿಯೇ ಬೆಳೆಯಿತು. ಅಲ್ಲಿಯ ಆರೋಗ್ಯ ಕಾರ್ಯದರ್ಶಿ ಮಾರ್ಗರೆಟ್ ಹೆಕ್ಲರ್ ಅವರ ಕಾಲದಲ್ಲಿ, 1985ರಲ್ಲಿ, ಕಪ್ಪು ಜನರ ಹಾಗೂ ಇತರ ಅಲ್ಪಸಂಖ್ಯಾತರ ಆರೋಗ್ಯ ಕುರಿತ ವರದಿ ಹೊರಬಿದ್ದಿತು. ದೇಶ ಒಂದೇ ಆದರೂ ಆಯುಷ್ಯ ಎಲ್ಲರಿಗೂ ಒಂದೇ ಆಗಿಲ್ಲವೆಂಬುದನ್ನು ಅದು ಅಂಕಿಗಳಲ್ಲಿ ತೋರಿಸಿತು. ಅಲ್ಪಸಂಖ್ಯಾತರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿದ್ದ ಕಾರಣಗಳಲ್ಲಿ ಕ್ಯಾನ್ಸರೂ ಒಂದಾಗಿತ್ತು. 1990ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಅಲ್ಪಸಂಖ್ಯಾತರ ಆರೋಗ್ಯ ಸಂಶೋಧನೆಗೆ ಪ್ರತ್ಯೇಕ ಕಚೇರಿ ತೆರೆಯಿತು. 2010ರಲ್ಲಿ ಅದು ಪೂರ್ಣ ಪ್ರಮಾಣದ ಸಂಸ್ಥೆಯಾಯಿತು. ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳನ್ನೇ ಕೆಲವು ತಿಂಗಳು ಹೊರದೇಶಗಳಿಗೆ ಕಳುಹಿಸಿ ಸಂಶೋಧನೆಯ ಅಭ್ಯಾಸ ಮಾಡಿಸುವ ಯೋಜನೆ 1993ರಲ್ಲಿ ಮೊದಲಾಯಿತು. ನೋವನ್ನು ಹತ್ತಿರದಿಂದ ಕಂಡವರಿಗೆ ಸರಿಯಾದ ಪ್ರಶ್ನೆ ಬೇಗ ಹೊಳೆಯುತ್ತದೆಂಬ ವಿವೇಕ ಅದರ ಹಿಂದಿತ್ತು.

ಜೈನ ಸಮಾಜಕ್ಕೂ ಅಲ್ಪಸಂಖ್ಯಾತವೆಂಬ ಶಬ್ದ ಅಪರಿಚಿತವಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. 2011ರ ಜನಗಣತಿಯಂತೆ ದೇಶದಲ್ಲಿ ಜೈನರ ಸಂಖ್ಯೆ 44,51,753, ಕರ್ನಾಟಕದಲ್ಲಿ 4,40,280. ಆದರೆ ಸಂಖ್ಯೆಯಲ್ಲಿ ಸಣ್ಣವರಾಗುವುದು ಬೇರೆ, ಲೆಕ್ಕಕ್ಕೇ ಸಿಗದವರಾಗುವುದು ಬೇರೆ. ಅಕ್ಷರಜ್ಞಾನದಲ್ಲಿ ದೇಶದ ಎಲ್ಲ ಧರ್ಮೀಯರಿಗಿಂತ ಮುಂದಿರುವ ಸಮಾಜಕ್ಕೆ ಆಸ್ಪತ್ರೆಯ ದಾರಿ ಗೊತ್ತಿದೆ, ವೈದ್ಯರ ಭಾಷೆ ಗೊತ್ತಿದೆ, ಸಾಲ ಕೊಡಿಸುವ ಬಂಧುಗಳಿದ್ದಾರೆ. ಮಾರಿಕಣಿವೆಯ ಸುತ್ತಲಿನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಚದುರಿರುವ ಕಾಡುಗೊಲ್ಲರ ಹಟ್ಟಿಗಳಿಗೂ ಲಂಬಾಣಿ ತಾಂಡಾಗಳಿಗೂ ಈ ಅನುಕೂಲಗಳಲ್ಲಿ ಎಷ್ಟು ಲಭಿಸಿವೆಯೆಂಬುದನ್ನು ಅಲ್ಲಿಗೆ ಹೋಗಿಯೇ ನೋಡಬೇಕು. ಹೀಗಿರುವಾಗ ಅಲ್ಪಸಂಖ್ಯಾತರ ಆರೋಗ್ಯವೆಂಬ ಮಾತು ಬಂದೊಡನೆ ಜೈನ ಕುಟುಂಬವು ತನ್ನನ್ನು ಮಾತ್ರ ನೆನೆದುಕೊಂಡರೆ ಆ ಮಾತಿನ ಅರ್ಧವನ್ನಷ್ಟೇ ಕೇಳಿದಂತಾಗುತ್ತದೆ.

ಹೋಗಿ ನೋಡುವ ಅವಕಾಶ ವಿದ್ಯಾರ್ಥಿಗಳಿಗೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆಯನ್ನು ಆರಂಭಿಸಿತು. ಎಂ.ಬಿ.ಬಿ.ಎಸ್., ಬಿ.ಡಿ.ಎಸ್. ಓದುತ್ತಿರುವವರು ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ವಿಷಯವೊಂದನ್ನು ಆರಿಸಿ, ನೀತಿಸಂಹಿತಾ ಸಮಿತಿಯ ಒಪ್ಪಿಗೆ ಪಡೆದು, ಎರಡು ತಿಂಗಳು ಅಧ್ಯಯನ ನಡೆಸಿ ವರದಿ ಸಲ್ಲಿಸಬೇಕು. ವರದಿ ಅಂಗೀಕೃತವಾದ ಮೇಲೆ ಭತ್ಯೆಯೂ ಪ್ರಮಾಣಪತ್ರವೂ ದೊರೆಯುತ್ತವೆ. ಚಿತ್ರದುರ್ಗದಲ್ಲಿಯೇ ಬಸವೇಶ್ವರ ವೈದ್ಯಕೀಯ ಕಾಲೇಜೂ ಎಸ್.ಜೆ.ಎಂ. ದಂತ ವೈದ್ಯಕೀಯ ಕಾಲೇಜೂ ಇವೆ. 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಸೇರಿಕೊಂಡಿತು. ಉನ್ನತ ಸಂಶೋಧನೆಗೆ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆಂದೇ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಮಾತ್ರ 2022-23ರಿಂದ ಕೇಂದ್ರ ಸರ್ಕಾರ ಕೈಬಿಟ್ಟಿತು. ಆ ತೆರವನ್ನು ಸ್ವಲ್ಪಮಟ್ಟಿಗಾದರೂ ತುಂಬುವ ಶಕ್ತಿ ಸಮಾಜದ ದತ್ತಿಗಳಿಗೆ ಇಲ್ಲದಿಲ್ಲ.

ಅಧ್ಯಯನದ ವಿಷಯಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ದಾಟಿದೆ. ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಾಗಿದ ಬೆನ್ನು ಅದರ ಗುರುತುಗಳು. ಕ್ಯಾನ್ಸರಿನ ವಿಷಯಕ್ಕೆ ಬಂದರೆ ಬಾಯಿಯ ಕ್ಯಾನ್ಸರ್ ಮೊದಲು ನೆನಪಾಗಬೇಕು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಎಲೆಅಡಿಕೆಯೊಡನೆ ಹೊಗೆಸೊಪ್ಪನ್ನು ದವಡೆಗಿಟ್ಟು ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಅದು ಚಟವೆನ್ನುವುದಕ್ಕಿಂತ ಹಸಿವನ್ನು ಮರೆಸುವ ಸಾಧನ. ಈ ರೋಗದಲ್ಲಿ ಒಂದು ಸಮಾಧಾನವುಂಟು. ಅದು ಬರುವ ಮುನ್ನ ಅನೇಕ ವೇಳೆ ಬಿಳಿಯ ಅಥವಾ ಕೆಂಪು ಮಚ್ಚೆಯಾಗಿ ಸೂಚನೆ ಕೊಡುತ್ತದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಿಡಿದು ಬಾಯಿ ನೋಡಿದರು. ತಂಬಾಕು, ಮದ್ಯ ಬಳಸುತ್ತಿದ್ದವರಲ್ಲಿ ಈ ರೋಗದಿಂದಾಗುವ ಸಾವು ಸುಮಾರು ಮೂರನೆಯ ಒಂದರಷ್ಟು ತಗ್ಗಿತೆಂದು 2005ರಲ್ಲಿ ಪ್ರಕಟವಾಯಿತು. ಬ್ಯಾಟರಿಯೊಂದು, ತಾಳ್ಮೆಯ ಕಣ್ಣೊಂದು ಇದ್ದರೆ ವಿದ್ಯಾರ್ಥಿಯ ಎರಡು ತಿಂಗಳೂ ಸಾರ್ಥಕವಾಗಬಹುದು.

ಅವಕಾಶದ ಮಾತು ಇಲ್ಲಿಗೆ ಮುಗಿದು ಧರ್ಮದ ಮಾತು ಇಲ್ಲಿಂದ ಆರಂಭವಾಗುತ್ತದೆ. ಹಿರಿಯೂರಿನ ಜೈನ ಕುಟುಂಬವೊಂದರ ಮಗಳು, ದಂತವೈದ್ಯಕೀಯದ ಮೂರನೆಯ ವರ್ಷದಲ್ಲಿರುವವಳು, ಇಂತಹ ಅಧ್ಯಯನಕ್ಕಾಗಿ ಗೊಲ್ಲರಹಟ್ಟಿಯೊಂದಕ್ಕೆ ಹೋದಳೆಂದು ಭಾವಿಸೋಣ. ಕೈಯಲ್ಲಿ ಪ್ರಶ್ನಾವಳಿಯಿದೆ, ಜೊತೆಯಲ್ಲಿ ಆಶಾ ಕಾರ್ಯಕರ್ತೆ ಇದ್ದಾಳೆ. ಹಟ್ಟಿಯ ಹೊರಗೆ ಮುಟ್ಟಿನ ದಿನಗಳನ್ನು ಕಳೆಯುತ್ತಿರುವ ಹೆಣ್ಣುಮಕ್ಕಳನ್ನು ಕಂಡು ಅವಳ ಮನಸ್ಸು ಥಟ್ಟನೆ ತೀರ್ಪು ಕೊಡಬಹುದು. ಆದರೆ ತನ್ನ ಅಜ್ಜಿಯೂ ಆ ಮೂರು ದಿನ ಅಡುಗೆಮನೆಯಿಂದ ದೂರ, ಚಾಪೆ ಲೋಟ ಬೇರೆ ಮಾಡಿಕೊಂಡು ಕುಳಿತಿರುತ್ತಿದ್ದುದು ನೆನಪಾದರೆ ತೀರ್ಪಿನ ನಾಲಗೆ ತಡೆಯುತ್ತದೆ. ಹಟ್ಟಿಯ ಆಚಾರದಿಂದ ಬಾಣಂತಿಗೂ ಕೂಸಿಗೂ ಆಗುವ ಅಪಾಯವನ್ನು ಹೇಳಲೇಬೇಕು. ಆದರೆ ಹೇಳುವವರು ಮೇಲಿನ ಮೆಟ್ಟಿಲಿನಿಂದ ಹೇಳಬಾರದು. ವಸ್ತುವಿಗೆ ಹಲವು ಮುಖಗಳುಂಟೆಂಬ ಅನೇಕಾಂತವನ್ನು ಪಾಠಶಾಲೆಯಲ್ಲಿ ಕಲಿತವಳಿಗೆ ಅದರ ಪರೀಕ್ಷೆ ಇಲ್ಲಿ ನಡೆಯುತ್ತದೆ.

ಪ್ರಶ್ನೆಗಳು ಮುಗಿಯುತ್ತವೆ. ಅರವತ್ತರ ಆಸುಪಾಸಿನ ಮುದುಕಿಯೊಬ್ಬಳ ಕೆನ್ನೆಯ ಒಳಬದಿಯಲ್ಲಿ ಬಿಳಿಯ ಮಚ್ಚೆ ಕಾಣುತ್ತದೆ. ಪ್ರಶ್ನಾವಳಿಯಲ್ಲಿ ಅದಕ್ಕೊಂದು ಚೌಕವಿದೆ; ವಿದ್ಯಾರ್ಥಿನಿ ಗುರುತು ಹಾಕುತ್ತಾಳೆ. ಮುದುಕಿ ಕೇಳುತ್ತಾಳೆ: “ಬರ್ಕೊಂಡ್ಯಲ್ಲವ್ವ, ತಿರುಗ ಬತ್ತೀಯ?” ಯೋಜನೆಯ ನಿಯಮಾವಳಿಯಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ಎರಡು ತಿಂಗಳಿಗೆ ಅಧ್ಯಯನ ಮುಗಿಯುತ್ತದೆ, ವರದಿ ದೆಹಲಿಗೆ ಹೋಗುತ್ತದೆ, ಪ್ರಮಾಣಪತ್ರ ಮನೆಗೆ ಬರುತ್ತದೆ. ಮಚ್ಚೆ ಮಾತ್ರ ಹಟ್ಟಿಯಲ್ಲಿಯೇ ಉಳಿಯುತ್ತದೆ. ಕಾಣದಿದ್ದಾಗ ಅದು ಆ ಮುದುಕಿಯ ಕರ್ಮವೆಂದೋ ದೈವವೆಂದೋ ಹೇಳಬಹುದಿತ್ತು. ಕಂಡ ಮೇಲೆ, ಕಂಡು ಬರೆದುಕೊಂಡ ಮೇಲೆ, ಸುಮ್ಮನಿರುವುದು ಕಂಡವರ ಕರ್ಮವಾಗುತ್ತದೆ. ಯಾರನ್ನೂ ಹೊಡೆಯದೆ, ಬಯ್ಯದೆ, ಕಾಗದದ ಮೇಲೆ ಒಂದು ಗುರುತು ಹಾಕಿ ಎದ್ದುಹೋಗುವುದರಲ್ಲಿಯೂ ಹಿಂಸೆಯಿದೆ. ಪ್ರಮಾದದಿಂದಾಗುವ ಪ್ರಾಣಹಾನಿಯೇ ಹಿಂಸೆಯೆಂದು ಆಚಾರ್ಯರು ಹೇಳಿದ್ದನ್ನು ನೆನೆದರೆ, ಎಚ್ಚರಗೇಡಿತನವೇ ಇಲ್ಲಿಯ ಪ್ರಮಾದ.

ಸಮ್ಮತಿಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯ ಪ್ರಾಯೋಗಿಕ ಯೋಜನೆ ನಡೆಯಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಅನೇಕರು ಬುಡಕಟ್ಟಿನ ಬಾಲೆಯರು, ಆಶ್ರಮ ಶಾಲೆಗಳ ಹಾಸ್ಟೆಲುಗಳಲ್ಲಿ ಇದ್ದವರು. ಎರಡು ಸಾವಿರಕ್ಕೂ ಮೇಲ್ಪಟ್ಟ ಸಮ್ಮತಿ ಪತ್ರಗಳಿಗೆ ತಂದೆತಾಯಿಗಳ ಬದಲು ಹಾಸ್ಟೆಲಿನ ವಾರ್ಡನ್ನರೇ ಸಹಿ ಹಾಕಿದ್ದುದು ಬಳಿಕ ಬೆಳಕಿಗೆ ಬಂದಿತು. 2010ರ ಏಪ್ರಿಲಿನಲ್ಲಿ ಯೋಜನೆಯನ್ನು ತಡೆಹಿಡಿಯಲಾಯಿತು. 2013ರಲ್ಲಿ ಸಂಸತ್ತಿನ ಸಮಿತಿಯೊಂದು ಅದನ್ನು ಕಟುವಾಗಿ ಟೀಕಿಸಿತು. ಆ ಅವಧಿಯಲ್ಲಿ ಸಂಭವಿಸಿದ ಕೆಲವು ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ವಿಚಾರಣೆ ಹೇಳಿತು. ಲಸಿಕೆಯ ಪ್ರಯೋಜನವನ್ನು ಇಂದು ಲೋಕವೆಲ್ಲ ಒಪ್ಪಿದೆ. ಆದರೂ ಒಳ್ಳೆಯ ಔಷಧಿಯೇ ಆದರೂ ಅದರ ಹಾದಿ ಕೆಟ್ಟಿದ್ದರೆ ಜನರ ವಿಶ್ವಾಸ ಕೆಡುತ್ತದೆಂಬ ಪಾಠ ಉಳಿಯಿತು. ವಿದ್ಯಾರ್ಥಿನಿಲಯಗಳನ್ನು ನಡೆಸುವ ದತ್ತಿಗಳ ಆಡಳಿತವರ್ಗವು ಇದನ್ನು ಗಮನಿಸಬೇಕು. ಆಶ್ರಯ ಕೊಟ್ಟವರು ಆಶ್ರಿತರ ಪರವಾಗಿ ಸಹಿ ಹಾಕುವ ಅಧಿಕಾರವನ್ನೂ ಪಡೆದರೆಂದು ಭಾವಿಸಬಾರದು. ಹಟ್ಟಿಯ ಯಜಮಾನನೋ ತಾಂಡಾದ ನಾಯಕನೋ ಒಪ್ಪಿದ ಮಾತ್ರಕ್ಕೆ ಪ್ರತಿಯೊಬ್ಬ ವ್ಯಕ್ತಿಯ ಒಪ್ಪಿಗೆ ದೊರೆತಂತಾಗುವುದಿಲ್ಲವೆಂದು ಸಂಶೋಧನಾ ಮಂಡಳಿಯ 2017ರ ನೀತಿಸಂಹಿತೆಯೂ ಹೇಳುತ್ತದೆ.

ಇನ್ನೊಂದು ಕಹಿಯಾದ ಮಾತಿದೆ. ಹಟ್ಟಿಯಲ್ಲಿ ಕೇಳಿದ ಪ್ರಶ್ನೆ ಕೇಳಿದವರ ಮನೆಯ ಬಾಗಿಲಿಗೂ ಬರುತ್ತದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ತೋಟಗಳಲ್ಲಿ ಅಡಿಕೆ ಮುಖ್ಯ ಬೆಳೆ; ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಮಾರಿಕಣಿವೆಯ ಅಣೆಕಟ್ಟು 1933ರ ನಂತರ ಮೊದಲ ಬಾರಿಗೆ 2022ರಲ್ಲಿ, ಮತ್ತೆ 2025ರಲ್ಲಿ ತುಂಬಿದಾಗ ತೋಟದವರಿಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ತಂಬಾಕಿಲ್ಲದ ಅಡಿಕೆಯೂ ಮನುಷ್ಯನಿಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿತು. ತಂಬಾಕು ಬೆರೆತ ಗುಟ್ಕಾವನ್ನು ಕರ್ನಾಟಕ ಸರ್ಕಾರ 2013ರಲ್ಲಿ ನಿಷೇಧಿಸಿತು. ಅಡಿಕೆಯಾದರೋ ಪೂಜೆಯ ತಟ್ಟೆಯಲ್ಲಿದೆ, ತಾಂಬೂಲದಲ್ಲಿದೆ, ಸಾವಿರಾರು ರೈತರ ಅನ್ನದಲ್ಲಿದೆ. ವಿದ್ಯಾರ್ಥಿನಿಯ ಅಜ್ಜನಿಗೆ ಅಡಿಕೆ ಮಂಡಿಯಿದ್ದು, ರಾತ್ರಿ ಊಟಕ್ಕೆ ಕುಳಿತಾಗ ಆತ “ಇವತ್ತು ಏನು ಕಂಡೆ, ಮಗಳೇ?” ಎಂದು ಕೇಳಿದರೆ ಅವಳು ಏನು ಹೇಳಬೇಕು? ಶ್ರಾವಕನು ಮಾಡಬಾರದ ವ್ಯಾಪಾರಗಳ ಪಟ್ಟಿಯಲ್ಲಿ ವಿಷವಾಣಿಜ್ಯವೂ ಒಂದೆಂದು ಶಾಸ್ತ್ರಗಳು ಎಣಿಸಿವೆ. ಅಡಿಕೆಯು ಆ ಪಟ್ಟಿಗೆ ಸೇರುತ್ತದೆಯೇ ಎಂಬುದನ್ನು ಒಂದು ಲೇಖನ ತೀರ್ಮಾನಿಸಲಾರದು. ತೋಟವನ್ನೇ ನಂಬಿದ ಬಡ ರೈತನ ಹೊಟ್ಟೆಯನ್ನು ಮರೆತು ತೀರ್ಮಾನಿಸಬಾರದು ಕೂಡ. ಆದರೆ ಹಟ್ಟಿಯ ಮುದುಕಿಗೆ ಜಗಿಯಬೇಡವೆಂದು ಬೋಧಿಸಿದ ನಾಲಗೆಯು ಮನೆಯಲ್ಲಿ ಮೌನ ತಾಳಿದರೆ ಬೋಧನೆಯ ಬೆಲೆ ಅರ್ಧವಾಗುತ್ತದೆ. ಅಜ್ಜನ ಮುಂದೆ ವಿನಯದಿಂದ, ಆದರೆ ಮರೆಮಾಚದೆ, ಕಂಡದ್ದನ್ನು ಹೇಳುವುದು ಆ ಮಗಳ ಸತ್ಯವ್ರತ. ಕೇಳಿಸಿಕೊಳ್ಳುವುದು ಅಜ್ಜನ ವ್ರತ.

ಇಂತಹ ಸಂಶೋಧನೆಯನ್ನು ಅಳೆಯಲು ಸಮಾಜದಲ್ಲಿ ಹಳೆಯ ಅಳತೆಗೋಲೊಂದಿದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಕನ್ನಡ ನಾಡಿನ ಶಾಸನಗಳು ಮತ್ತೆ ಮತ್ತೆ ಹೊಗಳಿವೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯನ್ನು ನಿಲ್ಲಿಸಿದ ನೆಲ ಇದು. ದಾನದ ಭಾವನೆ ಈ ಮಣ್ಣಿಗೆ ಹೊಸದಲ್ಲ. ಪ್ರಶ್ನೆಗೆ ಉತ್ತರ ಕೊಡಲು ಅರ್ಧ ದಿನದ ಕೂಲಿ ಕಳೆದುಕೊಂಡವರಿಗೆ ಆ ಕೂಲಿ ತುಂಬಿಕೊಡುವುದು ಆಹಾರದಾನ. ಹೇಳಿದ್ದನ್ನು ಗುಟ್ಟಾಗಿಡುವೆನೆಂದು, ಬೇಡವೆಂದರೆ ಬಲವಂತವಿಲ್ಲವೆಂದು ನಂಬಿಸಿ ಹಾಗೆಯೇ ನಡೆಯುವುದು ಅಭಯದಾನ. ಮಚ್ಚೆ ಕಂಡವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಜಿಲ್ಲಾಸ್ಪತ್ರೆಗೂ, ಅಗತ್ಯಬಿದ್ದರೆ ಕಿದ್ವಾಯಿಗೂ ಮುಟ್ಟಿಸುವುದು ಔಷಧದಾನ. ಅಧ್ಯಯನದಿಂದ ತಿಳಿದದ್ದನ್ನು ಆ ಜನರ ಮಾತಿನಲ್ಲಿಯೇ ಅವರಿಗೆ ಮರಳಿ ತಿಳಿಸುವುದು ಶಾಸ್ತ್ರದಾನ. ಹದಿನಾಲ್ಕನೆಯ ಶತಮಾನದಲ್ಲಿ ಜೈನಕವಿ ಮಂಗರಾಜನು ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನು ಸಂಸ್ಕೃತದಲ್ಲಿ ಬರೆಯದೆ ಕನ್ನಡದಲ್ಲಿ ಬರೆದನು. ಇಂಗ್ಲಿಷಿನ ವರದಿಯೊಂದಿಗೆ ಕನ್ನಡದ ಎರಡು ಪುಟಗಳನ್ನು ಸೇರಿಸುವುದು ಇಂದಿನ ವಿದ್ಯಾರ್ಥಿಗೆ ಭಾರವಾಗಲಾರದು.

ದೇವಾಲಯದ ದತ್ತಿಗಳಿಗೆ ಇದರಲ್ಲಿ ದೊಡ್ಡ ಮೊತ್ತದ ಮಾತಿಲ್ಲ. ಸರ್ಕಾರದ ಭತ್ಯೆ ವರದಿ ಅಂಗೀಕೃತವಾದ ಮೇಲೆ ಬರುವುದರಿಂದ ಮೊದಲ ದಿನಗಳ ಓಡಾಟಕ್ಕೆ ವಿದ್ಯಾರ್ಥಿಯ ಕೈ ಬರಿದಾಗಿರುತ್ತದೆ. ಅಷ್ಟನ್ನು ಮುಂಗಡ ಕೊಡಬಹುದು. ಸಹಾಯ ಪಡೆಯುವವರು ಜೈನ ವಿದ್ಯಾರ್ಥಿಗಳೇ ಆಗಬೇಕೆಂಬ ಕಟ್ಟನ್ನು ಸಡಿಲಿಸಿ, ಹಟ್ಟಿಯಿಂದಲೋ ತಾಂಡಾದಿಂದಲೋ ಕಾಲೇಜು ಮುಟ್ಟಿದ ಹುಡುಗಿಯನ್ನೂ ಜೊತೆಗೂಡಿಸಬಹುದು. ಆಕೆಗೆ ಹೊಳೆಯುವ ಪ್ರಶ್ನೆ ಹೊರಗಿನವರಿಗೆ ಹೊಳೆಯಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿ ಬಂದಾಗ ಆಡಳಿತ ಸಮಿತಿಯು ಕೇಳಬೇಕಾದ ಒಂದು ಪ್ರಶ್ನೆಯಿದೆ: ಅಧ್ಯಯನ ಮುಗಿದ ಮೇಲೆ ಮರಳಿ ಹೋಗುವ ದಿನ ಯಾವುದು? ಆ ದಿನವನ್ನು ಅರ್ಜಿಯಲ್ಲಿಯೇ ಬರೆಸಿಕೊಂಡು, ಆ ಪ್ರಯಾಣದ ಖರ್ಚನ್ನು ಬೇರೆಯಾಗಿ ತೆಗೆದಿಡಬೇಕು. ಹಿರಿಯೂರಿನಿಂದ ಹಟ್ಟಿಗೆ ಹೋಗಿಬರುವ ಬಸ್ಸಿನ ದರ ಎಷ್ಟಾದೀತು? ಒಂದು ಅಭಿಷೇಕದ ಹಾಲಿನ ಬೆಲೆಗಿಂತ ಅದು ಹೆಚ್ಚಲ್ಲ.